ವಣಿಕ್ಸಮ್ಮಿತ

ಉಪದೇಶವು ಮೂರು ಬಗೆಯೆಂದು ಆಲಂಕಾರಿಕರು ವಿಭಾಗಿಸಿರುವರು. ವೇದವು ಪ್ರಭುವಿನಂತೆ ಆಜ್ಞಾಪಿಸುವುದು. ಪುರಾಣವು ಮಿತ್ರನಂತೆ ತಿಳಿಯಹೇಳುವುದು. ಕಾವ್ಯವು ಕಾಂತೆಯಂತೆ ಮನವನ್ನೊಲಿಸಿ ದಾರಿಗೆ ತರುವುದು. ಮಮ್ಮಟನು ಕಾವ್ಯಕ್ಕೆ ಸಲ್ಲಿಸಿದುದು ಈ ಮೂರನೆಯದನ್ನೇ. ಅಮೆರಿಕಾ ದೇಶದ ಆಟಿಕೆಯ ವರ್ತಕರು 1980ರ ದಶಕದಲ್ಲಿ ನಾಲ್ಕನೆಯ ಬಗೆಯೊಂದನ್ನು ಕಂಡುಹಿಡಿದರು. ಅದಕ್ಕೆ ವಣಿಕ್ಸಮ್ಮಿತವೆಂಬ ಹೆಸರಲ್ಲದೆ ಬೇರೊಂದು ಒಪ್ಪದು.

ಈ ಬಗೆಯ ಕಥೆಗಳಲ್ಲಿ ಪ್ರಸಿದ್ಧವಾದುವನ್ನು ಬಿಟ್ಟು, ಈಗ ಕೆಲವರೇ ನೆನೆಯುವ 'ವಿಷನರೀಸ್' ಎಂಬುದನ್ನು ಪರೀಕ್ಷಿಸುವುದು ಲೇಸು. 1987ರಲ್ಲಿ ಹ್ಯಾಸ್ಬ್ರೋ ಸಂಸ್ಥೆಯವರು ಈ ಹೆಸರಿನ ಯೋಧರ ಬೊಂಬೆಗಳನ್ನು ಮಾರಾಟಕ್ಕೆ ತಂದರು. ಅದೇ ವರ್ಷ ದೂರದರ್ಶನದಲ್ಲಿ ಅವರ ಚಿತ್ರಕಥೆಯು 13 ಕಂತುಗಳಾಗಿ ಬಂದಿತು; ಮಾರ್ವೆಲ್ ಸಂಸ್ಥೆಯು ಮಕ್ಕಳಿಗಾಗಿ ನಡೆಸುತ್ತಿದ್ದ ಸ್ಟಾರ್ ಕಾಮಿಕ್ಸ್ ಶಾಖೆಯಿಂದ ಚಿತ್ರಪುಸ್ತಿಕೆಯೂ ಹೊರಟಿತು. ಬೊಂಬೆ, ಚಿತ್ರ, ಪುಸ್ತಿಕೆಗಳೆಂಬ ಈ ತ್ರಯದಲ್ಲಿ ಯಾವುದು ಶೇಷಿ, ಯಾವುದು ಶೇಷ ಎಂಬುದೇ ಇಲ್ಲಿಯ ವಿವಾದ. ಕಥೆಗೋಸ್ಕರ ಬೊಂಬೆಯೆಂದು ಅಭಿಮಾನಿಗಳು ಸಾಧಿಸುವರು. ಕಥೆಯನ್ನೇ ಸಾಕ್ಷಿಗೆ ಕರೆದರೆ ಅದು ಬೇರೆ ಮಾತನ್ನಾಡುವುದು.

ಪ್ರಿಸ್ಮೋಸ್ ಎಂಬ ಲೋಕದಲ್ಲಿ ಮೂವರು ಸೂರ್ಯರು ಒಂದೇ ಸಾಲಿಗೆ ಬರಲು, ಯಂತ್ರಗಳೆಲ್ಲವೂ ನಿಂತುಹೋಗಿ, ಮಾಯಾಯುಗವು ಮರಳುವುದು. ಮರ್ಕ್ಲಿನ್ ಎಂಬ ಮಾಂತ್ರಿಕನು ತನ್ನ ಪರೀಕ್ಷೆಯಲ್ಲಿ ಗೆದ್ದ ಯೋಧರಿಗೆ ಅವರವರ ಸ್ವಭಾವಕ್ಕೆ ತಕ್ಕ ಪ್ರಾಣಿಯ ಬಿಂಬವನ್ನು ಎದೆಯ ಮೇಲೆ ಮೂಡಿಸುವನು. ಸಜ್ಜನರ ನಾಯಕನಾದ ಲಿಯೋರಿಕನಿಗೆ ಸಿಂಹ, ದುರ್ಜನರ ನಾಯಕನಾದ ಡಾರ್ಕ್‌ಸ್ಟಾರ್ಮನಿಗೆ ಲೋಳೆಯ ಮೃದ್ವಂಗಿ. ಕೆಲವರಿಗೆ ಮಂತ್ರದಂಡ, ಉಳಿದವರಿಗೆ ವಾಹನವನ್ನು ನಡೆಸುವ ಶಕ್ತಿ. ಯಂತ್ರವನ್ನು ನಂಬಿ ಕೆಟ್ಟ ಜನರು ಶೀಲವನ್ನು ನಂಬಿ ಬದುಕಬೇಕಾದ ಈ ಕಲ್ಪನೆ ಹೀನವಾದುದಲ್ಲ. ದಂಡವನ್ನೆತ್ತಿದಾಗ ಯೋಧನು ಪ್ರಾಸಬದ್ಧವಾದ ಪದ್ಯವನ್ನು ಹೇಳಬೇಕೆಂಬ ಕಟ್ಟಳೆಯಂತೂ ಪದ್ಯವನ್ನು ಮರೆತ ಆ ಕಾಲದಲ್ಲಿ ಮೆಚ್ಚತಕ್ಕದ್ದೇ ಸರಿ.

ಆದರೆ ಮಾಯೆಯು ಎದೆಯ ಮೇಲೂ ದಂಡದ ತುದಿಯಲ್ಲಿಯೂ ಮಾತ್ರ ಏಕೆ ನೆಲಸಿತು? ಆ ಬೊಂಬೆಗಳ ಮುಖ್ಯವಾದ ಆಕರ್ಷಣೆಯು ಹೋಲೋಗ್ರಾಮ್ ಎಂಬ ಬೆಳಕಿನ ಬಿಂಬವಾಗಿದ್ದಿತು. ಡೆನ್ನಿಸ್ ಗೇಬರನು 1947ರಲ್ಲಿ ಕಂಡುಹಿಡಿದು, ಅದಕ್ಕಾಗಿ 1971ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ವಿದ್ಯೆಯಿದು. ತೆಳುವಾದ ಹಾಳೆಯಲ್ಲಿ ಅಚ್ಚೊತ್ತುವ ವಿಧಾನವು ಸಿದ್ಧಿಸಿದ ಮೇಲೆ, 1984ರಲ್ಲಿ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆಯ ಮುಖಪುಟದಲ್ಲಿ ಗರುಡಪಕ್ಷಿಯೊಂದು ಹೀಗೆಯೇ ಮೈದೋರಿದ್ದಿತು. ಆ ಬಿಂಬವನ್ನು ಅಂಟಿಸಲು ಬೊಂಬೆಯ ಮೈಮೇಲೆ ಎಲ್ಲಿ ಎಡೆಯಿದ್ದಿತೋ, ಕಥೆಯ ದೇವತೆಯೂ ಅಲ್ಲಿಯೇ ಆವಿರ್ಭವಿಸಿದಳು. ಇನ್ನು ಒಮ್ಮೆ ಮಂತ್ರವನ್ನು ಪ್ರಯೋಗಿಸಿದೊಡನೆ ದಂಡವು ಬರಿದಾಗಿ, ಮಾಂತ್ರಿಕನ ಬಳಿಗೆ ಹೋಗಿ ತುಂಬಿಸಿಕೊಂಡು ಬರಬೇಕು! ಅಂಗಡಿಯ ದಾರಿಯನ್ನು ಇದಕ್ಕಿಂತ ಚೆನ್ನಾಗಿ ಬಣ್ಣಿಸುವುದು ಕಷ್ಟ.

ಬೊಂಬೆಯು ಕಥೆಗಿಂತ ಮೊದಲು ಹುಟ್ಟುವುದೇ ದೋಷವೆಂದು ಇಲ್ಲಿ ವಾದವಲ್ಲ. ಎ. ಎ. ಮಿಲ್ನನು 1926ರಲ್ಲಿ ಪ್ರಕಟಿಸಿದ 'ವಿನ್ನಿ ದಿ ಪೂ' ಎಂಬ ಗ್ರಂಥವೂ ಅವನ ಮಗನ ಆಟದ ಕರಡಿಯಿಂದಲೇ ಹುಟ್ಟಿತು. ಆದರೆ ಮಿಲ್ನನು ಕರಡಿಯನ್ನು ಮಾರಹೊರಟವನಲ್ಲ. ಒಂದು ಮಗುವಿನ ಕೈಯಲ್ಲಿದ್ದ ಬೊಂಬೆಗೆ ಮಾತನ್ನು ಕೊಟ್ಟವನು. ಕಾವ್ಯದ ಪ್ರಯೋಜನಗಳಲ್ಲಿ ಮಮ್ಮಟನು ಅರ್ಥಲಾಭವನ್ನೂ ಎಣಿಸಿಲ್ಲವೆ ಎಂದು ಕೇಳಬಹುದು. ನಿಜವೇ. ಕವಿಗೆ ಕಾವ್ಯದಿಂದ ಧನ ಬಂದರೆ ಯಾರಿಗೂ ಹೊಟ್ಟೆಯುರಿಯಿಲ್ಲ. ಪಾತ್ರವು ಬದುಕಬೇಕೆ ಬೇಡವೆ ಎಂಬುದನ್ನು ಧನವೇ ನಿರ್ಣಯಿಸುವುದು ಬೇರೆಯ ಸಂಗತಿ.

ನಡೆದುದೂ ಅದೇ. ಕಥೆಯಲ್ಲಿ ಒಂದೊಂದು ಪಕ್ಷಕ್ಕೆ ಏಳೇಳು ಮಂದಿ. ಅವರಲ್ಲಿ ಒಬ್ಬೊಬ್ಬಳು ಸ್ತ್ರೀ, ಗಲಾಡ್ರಿಯಾ ಮತ್ತು ವಿರುಲಿನಾ. ಇವರಿಬ್ಬರ ಬೊಂಬೆಗಳು ಅಂಗಡಿಗೆ ಬರಲೇ ಇಲ್ಲ. ಬೊಂಬೆಯ ವ್ಯಾಪಾರವು ನಿಲ್ಲಲು ಲಿಯೋರಿಕನ ಲೋಕವೂ ಆರಿಹೋಯಿತು. ಚಿತ್ರವು 13 ಕಂತುಗಳಿಗೆ, ಪುಸ್ತಿಕೆಯು 6 ಸಂಚಿಕೆಗಳಿಗೆ, 1988ರಲ್ಲಿ, ಮುಗಿಯಿತು. ಆರು ವರ್ಷದ ಬಾಲಕನು ವಾರವಾರವೂ ಕಾದು ಕುಳಿತಿದ್ದರೆ, ಮುಂದೇನಾಯಿತೆಂಬ ಅವನ ಪ್ರಶ್ನೆಗೆ ಉತ್ತರವು ವರ್ತಕನ ಲೆಕ್ಕದ ಪುಸ್ತಕದಲ್ಲಿದ್ದಿತೇ ಹೊರತು ಕಥೆಯಲ್ಲಿರಲಿಲ್ಲ.

ರಾಜ್ಯಾಂಗದವರು ಏನು ಮಾಡುತ್ತಿದ್ದರು? ಅಲ್ಲಿಯ ಪ್ರಸಾರ ನಿಯಂತ್ರಣ ಮಂಡಲಿಯು 1969ರಲ್ಲಿ 'ಹಾಟ್ ವೀಲ್ಸ್' ಎಂಬ ಆಟದ ಕಾರುಗಳ ಚಿತ್ರಕಥೆಯನ್ನು ಜಾಹೀರಾತೆಂದೇ ಆಕ್ಷೇಪಿಸಿದ್ದಿತು. ಅದೇ ಮಂಡಲಿಯು 1984ರಲ್ಲಿ ಜಾಹೀರಾತಿನ ಕಾಲಮಿತಿಯನ್ನೇ ಸಡಿಲಿಸಿತು. 1990ರ ಶಾಸನವು ಮಕ್ಕಳ ಕಾರ್ಯಕ್ರಮಗಳಲ್ಲಿ ಗಂಟೆಗೆ ವಾರಾಂತ್ಯದಲ್ಲಿ ಹತ್ತೂವರೆ, ಉಳಿದ ದಿನಗಳಲ್ಲಿ ಹನ್ನೆರಡು ನಿಮಿಷಗಳೆಂದು ಮತ್ತೆ ಮಿತಿಯನ್ನಿಟ್ಟಿತೇನೋ ದಿಟ. ಕಥೆಯ ನಡುವೆ ಅದೇ ಬೊಂಬೆಯ ಜಾಹೀರಾತು ಬಾರದಿದ್ದರೆ ಸಾಕು, ಕಥೆಗೆ ದೋಷವಿಲ್ಲವೆಂದು ಬಳಿಕ ವ್ಯಾಖ್ಯಾನವಾಯಿತು. ಹಾಲಿನ ಪಕ್ಕದಲ್ಲಿ ನೀರಿನ ಕೊಡವಿರಕೂಡದೆಂದು ಹೇಳಿ, ಹಾಲಿನೊಳಗಿನ ನೀರನ್ನು ಅಳೆಯದೆ ಬಿಟ್ಟಂತೆ!

ಆ ಚಿತ್ರವನ್ನು ಬರೆದವರಲ್ಲಿಯೂ ಪುಸ್ತಿಕೆಯನ್ನು ರಚಿಸಿದವರಲ್ಲಿಯೂ ಪ್ರತಿಭೆಗೆ ಕೊರತೆಯಿರಲಿಲ್ಲ. ಆಕ್ಷೇಪವಿರುವುದು ಅವರ ಕೈಕಟ್ಟಿದ ಸೂತ್ರದ ಮೇಲೆ. 2018ರಲ್ಲಿ ಐ.ಡಿ.ಡಬ್ಲ್ಯು. ಪ್ರಕಾಶಕರು ಈ ಯೋಧರನ್ನು ಪುನಃ ಚಿತ್ರಪುಸ್ತಿಕೆಗೆ ತಂದರು. ಮೂವತ್ತು ವರ್ಷಗಳ ನಿದ್ರೆಯಿಂದೆದ್ದ ಲಿಯೋರಿಕನಿಗೆ ಆಗಲೂ ಸ್ವಂತ ಕಥೆ ದೊರೆಯಲಿಲ್ಲ. ಅದೇ ಹ್ಯಾಸ್ಬ್ರೋ ಸಂಸ್ಥೆಯ ಇನ್ನೊಂದು ಸರಕಾದ 'ಟ್ರಾನ್ಸ್‌ಫಾರ್ಮರ್ಸ್' ಯಂತ್ರಗಳೊಡನೆ ಕಾದುವ ಕೆಲಸಕ್ಕೆ ಅವನನ್ನು ನಿಯಮಿಸಲಾಗಿದ್ದಿತು.