ಮಸ್ಕಿ ಹಿಡಿಯೋದಲ್ಲ ಸ್ವಾಮಿ, ಬಿಡೋದು ಕಲೀರಿ

ಬ್ಲಾಗಿನ ಕಡೆ ತಲೆ ಹಾಕಿ ಮೂರು ತಿಂಗಳಾಯ್ತು. ಆಫೀಸಿನಲ್ಲಿ ರಿಲೀಸಿನ ಮೇಲೆ ರಿಲೀಸು, ಉಸಿರಾಡೋಕೂ ಪುರುಸೊತ್ತಿರಲಿಲ್ಲ. ಇವತ್ತು ಬರೀತಿರೋದೂ ರಿಲೀಸಿನ ಬಗ್ಗೆನೇ. ಆದರೆ ಸಾಫ್ಟ್‌ವೇರಿಂದಲ್ಲ, ಮೀನಿಂದು :-)

ಮೊದಲೇ ಹೇಳಿಬಿಡ್ತೀನಿ, ಮಸ್ಕಿ ಅಂದ ತಕ್ಷಣ ರಾಯಚೂರು ಕಡೆಯ ಮಸ್ಕಿ, ಅಶೋಕನ ಶಾಸನ ನೆನಪಾದರೆ ಅದು ನಿಮ್ಮ ತಪ್ಪಲ್ಲ. ಮಿನ್ನೆಸೋಟಾಕ್ಕೆ ಬಂದ ಹೊಸದರಲ್ಲಿ ನನಗೂ ಹಾಗೇ ಆಗಿತ್ತು. ಇಲ್ಲಿ ಮಸ್ಕಿ ಅಂದ್ರೆ ಮಸ್ಕಲಂಜ್ ಅನ್ನೋ ಮೀನು. ಗ್ರೇಟ್ ಲೇಕ್ಸ್, ಸೇಂಟ್ ಲಾರೆನ್ಸ್ ನದಿ, ಮಿಸಿಸಿಪ್ಪಿಯ ಮೇಲ್ಭಾಗ, ಇವೆಲ್ಲ ಇದರ ತವರು. ಮೊಸಳೆ ತರ ಮೂತಿ, ಬಾಯಿ ತುಂಬಾ ಸೂಜಿ ಹಲ್ಲು, ನಾಲ್ಕು ಅಡಿ ದಾಟಿ ಬೆಳೆಯುತ್ತೆ. ಪಕ್ಕದ ವಿಸ್ಕಾನ್ಸಿನ್‌ಗೆ 1955ರಿಂದ ಇದೇ ರಾಜ್ಯದ ಅಧಿಕೃತ ಮೀನು. ಅಲ್ಲಿನ ಹೇವರ್ಡ್ ಅನ್ನೋ ಊರಲ್ಲಿ ಫೈಬರ್‌ಗ್ಲಾಸಿನಲ್ಲಿ 143 ಅಡಿ ಉದ್ದದ ಮಸ್ಕಿ ಕಟ್ಟಿದ್ದಾರೆ, ಜನ ಅದರ ಬಾಯೊಳಗೆ ನಿಂತು ಫೋಟೋ ತೆಗೆಸಿಕೊಳ್ತಾರೆ. ಹತ್ತು ಸಾವಿರ ಸಲ ಗಾಳ ಎಸೆದರೆ ಒಂದು ಸಿಗುತ್ತೆ ಅನ್ನೋದು ಈ ಮೀನಿನ ಬಗ್ಗೆ ಇರೋ ಹಳೇ ಮಾತು.

ಮೊನ್ನೆ ನಮ್ಮ ಟೀಮಿಗೆ ಹೊಸದಾಗಿ ಬಂದ ದಾವಣಗೆರೆ ಹುಡುಗ ಊಟದ ಹೊತ್ತಲ್ಲಿ ಪಕ್ಕಕ್ಕೆ ಬಂದು ಕೂತ. "ಗುರೂ, ಈ ಸಮ್ಮರ್‌ನಲ್ಲಿ ಮಸ್ಕಿ ಹಿಡೀಲೇಬೇಕು. ಯಾವ ಲ್ಯೂರು? ಯಾವ ಕೆರೆ? ಯಾವ ಟೈಮು?"

ಇದೇ ಮೂರು ಪ್ರಶ್ನೆ. ಗಾಳದ ಅಂಗಡಿಯಲ್ಲಿ, ಬೋಟು ಇಳಿಸೋ ಜಾಗದಲ್ಲಿ, ದುಡ್ಡು ಕೊಟ್ಟು ಕರ್ಕೊಂಡು ಹೋಗೋ ಗೈಡಿನ ಹತ್ತಿರ, ಎಲ್ಲಿ ಹೋದರೂ ಹೊಸಬರು ಕೇಳೋದು ಇದನ್ನೇ. ನಾನೂ ಎರಡು ವರ್ಷ ಇದನ್ನೇ ಕೇಳ್ಕೊಂಡು ತಿರುಗಿದವನು. ಈಗ ಯಾರಾದ್ರೂ ಕೇಳಿದರೆ ಮೈ ಉರಿಯುತ್ತೆ. ಯಾಕೆ ಅಂತ ಹೇಳೋಕೇ ಈ ಪೋಸ್ಟು.

ಆ ಮೂರಕ್ಕೂ ಉತ್ತರ ಬಹಳ ಅಗ್ಗ, ಇಲ್ಲೇ ಕೊಟ್ಟುಬಿಡ್ತೀನಿ, ತಗೊಳ್ಳಿ.

ಲ್ಯೂರು, ಅಂದ್ರೆ ಹುಸಿ ಎರೆ: ದೊಡ್ಡ ಬಕ್‌ಟೇಲ್ ಒಂದು, ರಬ್ಬರಿನದು ಒಂದು, ನೀರಿನ ಮೇಲೆ ಸದ್ದು ಮಾಡ್ಕೊಂಡು ಬರೋದು ಒಂದು. ಮೂರು ಸಾಕು. ಮೂವತ್ತು ನಲವತ್ತು ಡಾಲರಿನ ಲ್ಯೂರುಗಳನ್ನ ಪೆಟ್ಟಿಗೆ ತುಂಬಾ ಕೊಂಡವರು ಹಿಡಿಯೋದು ಮೀನನ್ನಲ್ಲ, ಲ್ಯೂರುಗಳನ್ನ.

ಜಾಗ: ನೀರೊಳಗಿನ ಕಳೆ ಮುಗಿಯೋ ಅಂಚು, ಕಲ್ಲುಬಂಡೆ, ನೀರು ಇದ್ದಕ್ಕಿದ್ದಂತೆ ಆಳವಾಗೋ ಕಡೆ. ಇನ್ನೊಂದು ಮುಖ್ಯ. ಮಸ್ಕಿ ಲ್ಯೂರಿನ ಹಿಂದೆ ಬೋಟಿನ ತನಕ ಬಂದು ಕಚ್ಚದೇ ವಾಪಸು ಹೋಗೋದೇ ಹೆಚ್ಚು. ಹಾಗಾಗಿ ಪ್ರತಿ ಸಲ ಎಳೆದ ಮೇಲೂ ರಾಡಿನ ತುದಿ ನೀರಿಗಿಳಿಸಿ ಇಂಗ್ಲಿಷಿನ ಎಂಟು ಬರೆಯೋ ಹಾಗೆ ಅಗಲವಾಗಿ ಸುತ್ತಿಸಬೇಕು. ಮೀನು ಕಾಣದೇ ಇದ್ದರೂ ಸುತ್ತಿಸಬೇಕು.

ಟೈಮು: ಹುಣ್ಣಿಮೆ, ಅಮಾವಾಸ್ಯೆ ಅಂತ ಪಂಚಾಂಗ ನೋಡೋರು ನಮ್ಮೂರಲ್ಲಿ ಮಾತ್ರ ಅಂದುಕೊಂಡಿದ್ದೆ. ಇಲ್ಲೂ ಚಂದ್ರೋದಯದ ಗಳಿಗೆ ನೋಡಿ ರಜಾ ಹಾಕೋ ಜನ ಇದ್ದಾರೆ. 2014ರಲ್ಲಿ ಇಬ್ಬರು ವಿಜ್ಞಾನಿಗಳು ಬೆಸ್ತರ ಕ್ಲಬ್ಬೊಂದರ ದಾಖಲೆಯಿಂದ 3,41,959 ಮಸ್ಕಿಗಳ ಲೆಕ್ಕ ತೆಗೆದು ನೋಡಿದರು. ಚಂದ್ರನ ಪ್ರಭಾವ ಇದೆ, ಆದರೆ ಎಷ್ಟು? ಬರೀ ಒಳ್ಳೇ ಗಳಿಗೆಯಲ್ಲೇ ಹೋದರೂ ಹೆಚ್ಚಿಗೆ ಸಿಗೋದು ಸುಮಾರು 5 ಪರ್ಸೆಂಟು ಅಷ್ಟೇ. ಅಷ್ಟಕ್ಕೆ ಮ್ಯಾನೇಜರ್ ಹತ್ತಿರ ಸುಳ್ಳು ಹೇಳಬೇಡ್ರಪ್ಪ.

ಮುಗೀತು. ಈಗ ಯಾರೂ ಕೇಳದ ನಾಲ್ಕನೇ ಪ್ರಶ್ನೆ. ಸಿಕ್ಕ ಮೇಲೆ ಏನು ಮಾಡ್ತೀರಿ?

ನಾನು ಏನು ಮಾಡಿದೆ ಅಂತ ಹೇಳ್ತೀನಿ ಕೇಳಿ. ಎರಡು ವರ್ಷದ ಹಿಂದಿನ ಜುಲೈ. ಮಿನ್ನೆಟೊಂಕಾ ಕೆರೆ, ಸುಡು ಬಿಸಿಲು, ಗಾಳಿ ಇಲ್ಲ, ನೀರು ಸ್ನಾನದ ನೀರಿನ ಹಾಗೆ ಬೆಚ್ಚಗೆ. ನನ್ನ ಹತ್ತಿರ ಇದ್ದದ್ದು ಸಣ್ಣ ಮೀನಿಗೆ ಸರಿಹೋಗೋ ತೆಳು ದಾರ, ಸಣ್ಣ ಬಲೆ, ಮನೆಯಲ್ಲಿ ವೈರು ಕತ್ತರಿಸೋ ಗಿಡ್ಡ ಇಕ್ಕಳ. ಬಕ್‌ಟೇಲ್ ಕಚ್ಚಿತು. ದಾರ ತುಂಡಾಗುತ್ತೆ ಅನ್ನೋ ಭಯಕ್ಕೆ ಇಪ್ಪತ್ತು ನಿಮಿಷ ಆಡಿಸಿದೆ. ಬಲೆಗೆ ಅರ್ಧ ಮೀನೂ ಹಿಡಿಸಲಿಲ್ಲ. ಬೋಟಿನೊಳಕ್ಕೆ ಎಳೆದು ಹಾಕಿದ್ವಿ, ಬಿಸಿ ಕಾರ್ಪೆಟ್ಟಿನ ಮೇಲೆ ದಪದಪ ಬಡ್ಕೊಳ್ತು. ಕೊಕ್ಕೆ ಬಿಡಿಸೋಕೆ ಗಿಡ್ಡ ಇಕ್ಕಳ, ಎದುರಿಗೆ ಆ ಹಲ್ಲು! ಹೇಗೋ ಬಿಡಿಸಿ, ಅಳೆದು (46 ಇಂಚು), ಕಿವಿರಿಗೆ ಬೆರಳು ಹಾಕಿ ನೇತಾಡಿಸಿ ಫೋಟೋ. ಒಂದರಲ್ಲಿ ನನ್ನ ಕಣ್ಣು ಮುಚ್ಚಿತ್ತು, ಇನ್ನೊಂದು ತೆಗೆದ್ವಿ. ಮತ್ತೆ ಗೆಳೆಯನ ಫೋನಲ್ಲಿ ಇನ್ನೊಂದು.

ಆಮೇಲೆ "ಬಿಟ್ಟೆ". ಮೆಲ್ಲಗೆ ಬಾಲ ಆಡಿಸಿ ಕೆಳಗೆ ಹೋಯ್ತು. ನಾವಿಬ್ಬರೂ ಕೈ ಕೈ ತಟ್ಟಿಕೊಂಡ್ವಿ. ಒಂದು ಗಂಟೆ ಬಿಟ್ಟು ವಾಪಸು ಬರೋವಾಗ ಅದೇ ಕಳೆಯ ಪಕ್ಕ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲ್ತಾ ಇತ್ತು. ಸುತ್ತ ಎರಡು ಗಲ್ ಹಕ್ಕಿ. ಎತ್ಕೊಂಡು ಹೋಗಿ ಸಾರು ಮಾಡೋಣ ಅಂದ್ರೂ ಇಲ್ಲ. ಮಿನ್ನೆಸೋಟಾದ ಹೆಚ್ಚಿನ ಕೆರೆಗಳಲ್ಲಿ 54 ಇಂಚಿಗಿಂತ ಚಿಕ್ಕ ಮಸ್ಕಿ ಇಟ್ಟುಕೊಳ್ಳೋ ಹಾಗಿಲ್ಲ, ಸತ್ತಿದ್ದರೂ ಸರಿ. ಅಷ್ಟುದ್ದದ ಮೀನಿಗೆ ಹತ್ತು ವರ್ಷವಾದ್ರೂ ಆಗಿರುತ್ತೆ. ನಾನು ಸಿಇಟಿ ಬರೆಯೋ ಕಾಲಕ್ಕೆ ಹುಟ್ಟಿದ್ದಿರಬೇಕು. ಮೂರು ಫೋಟೋಗೋಸ್ಕರ ಮುಗಿಸಿದೆ. ಆ ಫೋಟೋ ಇವತ್ತಿಗೂ ಯಾರಿಗೂ ಕಳಿಸಿಲ್ಲ.

ಅವತ್ತು ನನಗೆ ಗೊತ್ತಿಲ್ಲದೇ ಇದ್ದದ್ದು ಇಷ್ಟೇ:

* ದಾರ ದಪ್ಪ ಇರಬೇಕು, 80ರಿಂದ 100 ಪೌಂಡಿನದು. ಬೇಗ ಎಳೆದು ಮುಗಿಸೋಕೆ. ತುದಿಗೆ ಹಲ್ಲಿಗೆ ತುಂಡಾಗದ ಲೀಡರು. ಇಲ್ಲಾಂದ್ರೆ ಮೂರು ಮೂರು ಕೊಕ್ಕೆ ಬಾಯಲ್ಲಿ ಚುಚ್ಚಿಕೊಂಡೇ ಮೀನು ಹೋಗುತ್ತೆ.
* ರಬ್ಬರು ಲೇಪಿಸಿದ ದೊಡ್ಡ ಬಲೆ. ಮೀನು ಬಲೆಯೊಳಗೇ, ನೀರಲ್ಲೇ ಇರಬೇಕು. ಕೊಕ್ಕೆ ಬಿಡಿಸೋ ಕೆಲಸ ಅಲ್ಲೇ.
* ಉದ್ದ ಮೂತಿಯ ಇಕ್ಕಳ, ಜೊತೆಗೆ ಕೊಕ್ಕೆ ಕತ್ತರಿಸೋ ಕಟ್ಟರು. ಬಿಡಿಸೋಕೆ ಕಷ್ಟ ಅಂದ್ರೆ ಕಚಕ್ ಅಂತ ಕತ್ತರಿಸಿ. ಕೊಕ್ಕೆ ಹೋದರೆ ಇನ್ನೊಂದು ಸಿಗುತ್ತೆ.
* ಫೋಟೋ ಬೇಕಾದರೆ ಕ್ಯಾಮೆರಾ ಮೊದಲೇ ರೆಡಿ. ಮೀನನ್ನ ಅಡ್ಡಡ್ಡ ಹಿಡೀರಿ, ಒಂದು ಕೈ ಹೊಟ್ಟೆಯ ಕೆಳಗೆ. ಎತ್ತುವಾಗ ನಿಮ್ಮ ಉಸಿರೂ ಕಟ್ಟಿ. ನಿಮಗೆ ಸಾಕು ಅನ್ನಿಸಿದಾಗ ಅದಕ್ಕೂ ಸಾಕಾಗಿರುತ್ತೆ.
* ನೀರು 80 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ಸುಮಾರು 27 ಸೆಲ್ಸಿಯಸ್ ಮುಟ್ಟಿತಾ, ಮನೆಗೆ ಹೋಗಿ. ಬೆಚ್ಚಗಿನ ನೀರಲ್ಲಿ ಆಮ್ಲಜನಕ ಕಮ್ಮಿ, ದಣಿದ ಮೀನಿಗೆ ಬೇಕಾಗೋದು ಜಾಸ್ತಿ.

ಐದೇ ಸಾಲು. ಎರಡು ವರ್ಷದಲ್ಲಿ ನಾನು ಒಂದು ಸಲವೂ ಕೇಳಲಿಲ್ಲ, ಲ್ಯೂರು ಮಾರಿದವರೂ ಹೇಳಲಿಲ್ಲ. ಕಟ್ಟರಿನ ಬೆಲೆ ಎರಡು ಲ್ಯೂರಿನಷ್ಟು. ಆದರೆ ಕಟ್ಟರಿನ ಬಗ್ಗೆ ಯಾರೂ ಬಡಾಯಿ ಕೊಚ್ಚೋಕಾಗಲ್ಲವಲ್ಲ!

ಈಗ ವಾದಕ್ಕೆ ಬರೋರಿಗೆ.

"ಈಜ್ಕೊಂಡು ಹೋಯ್ತಲ್ಲ, ಬದುಕಿತು ಬಿಡಿ." ಸಾಫ್ಟ್‌ವೇರಿನವರು ಇದನ್ನ ಹೇಳಬಾರದು. ನಮ್ಮ ಮೆಷಿನ್ನಲ್ಲಿ ಓಡಿದ್ದೆಲ್ಲ ಪ್ರೊಡಕ್ಷನ್ನಿನಲ್ಲಿ ಓಡುತ್ತಾ? ಜೀವಂತ ಮೀನನ್ನ ಎರೆಯಾಗಿ ಕಟ್ಟಿ, ಮಸ್ಕಿ ಅದನ್ನ ಪೂರ್ತಿ ನುಂಗೋವರೆಗೂ ಕಾಯೋ ಪದ್ಧತಿಯೊಂದಿತ್ತು. ಹೊಟ್ಟೆಯಲ್ಲಿ ಕೊಕ್ಕೆ, ದಾರ ಕತ್ತರಿಸಿ ಬಿಡೋದು. ಮೀನು ಚೆನ್ನಾಗೇ ಈಜ್ಕೊಂಡು ಹೋಗ್ತಿತ್ತು. ವಿಸ್ಕಾನ್ಸಿನ್‌ನಲ್ಲಿ ಅಂಥ ಮೀನುಗಳನ್ನ ಬೆನ್ನುಹತ್ತಿ ಅಧ್ಯಯನ ಮಾಡಿದಾಗ ವರ್ಷದೊಳಗೆ ಬಹುಪಾಲು ಸತ್ತಿದ್ದವು.

"ತೆಳು ದಾರದಲ್ಲಿ ಹಿಡಿದರೇ ನಿಜವಾದ ಆಟ." ಯಾರಿಗೆ ಆಟ? ನಿಮ್ಮ ಅಹಂಕಾರಕ್ಕೆ ಅರ್ಧ ಗಂಟೆ ಅದು ಯಾಕೆ ಒದ್ದಾಡಬೇಕು?

ಮೂರನೇ ವಾದ ನಮ್ಮಮ್ಮಂದು. ತೀರ್ಥಹಳ್ಳಿಯಿಂದ ಫೋನಲ್ಲಿ ಎಲ್ಲಾ ಕೇಳಿ, "ತಿನ್ನೋದಾದರೆ ಹಿಡಿ, ಇಲ್ಲಾಂದ್ರೆ ಅದರ ಪಾಡಿಗೆ ಬಿಡು. ಚುಚ್ಚಿ ಎಳೆದು ಮುದ್ದು ಮಾಡಿ ಬಿಡೋದು ಯಾವ ಸೀಮೆ ಧರ್ಮನೋ?" ಅಂದ್ರು. ಈ ವಾದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಎಲ್ಲಾ ಸರಿ ಮಾಡಿದರೂ ಕೆಲವು ಸಾಯುತ್ತವೆ. 2021ರ ನವೆಂಬರಿನಲ್ಲಿ ಇಲ್ಲಿನ ಮಿಲ್ ಲಾಕ್ಸ್ ಕೆರೆಯಲ್ಲಿ 55 ಪೌಂಡು 14.8 ಔನ್ಸಿನ ಮಸ್ಕಿ ಸಿಕ್ಕಿ, 1957ರ ರಾಜ್ಯದ ದಾಖಲೆ ಮುರೀತು. ಅದನ್ನ ಹಿಡಿದವರು ದಾಖಲೆಗೆ ಅಂತ ಇಟ್ಟುಕೊಂಡದ್ದಲ್ಲ, ಮತ್ತೆ ಮತ್ತೆ ಬಿಡೋಕೆ ನೋಡಿದರು, ಮೀನು ಚೇತರಿಸ್ಕೊಳ್ಳಲಿಲ್ಲ. ತಣ್ಣನೆ ನೀರು, ಪಳಗಿದ ಕೈ ಇದ್ದಾಗಲೇ ಈ ಕತೆ. ಜುಲೈ ಬಿಸಿಲಲ್ಲಿ ಗಿಡ್ಡ ಇಕ್ಕಳ ಹಿಡ್ಕೊಂಡು ಹೋಗೋ ನನ್ನಂಥವನ ಕತೆ?

ಆದರೂ ಒಂದು ಮಾತು, ಅಮ್ಮನಿಗೂ ಅದನ್ನೇ ಹೇಳಿದೆ. 1955ರ ಜುಲೈಯಲ್ಲಿ ಇಲ್ಲಿನ ಲೀಚ್ ಲೇಕಿನಲ್ಲಿ ಬಿಸಿಲಿಗೆ ಕೆರೆ ಕನ್ನಡಿ ತರ ನಿಂತಿದ್ದಾಗ ಮಸ್ಕಿಗಳು ಹುಚ್ಚು ಹಿಡಿದ ಹಾಗೆ ಕಚ್ಚತೊಡಗಿದವು. ಕೆಲವೇ ದಿನದಲ್ಲಿ ನೂರಕ್ಕೂ ಹೆಚ್ಚು ಸಿಕ್ಕವು. ಸಾಲಾಗಿ ನೇತುಹಾಕಿದ ಆ ಮೀನುಗಳ ಫೋಟೋ ಈಗಲೂ ಪ್ರಸಿದ್ಧ. ಅವತ್ತು ಅದು ಹೆಮ್ಮೆ. 1966ರಲ್ಲಿ ಇದೇ ಮಿನ್ನೆಸೋಟಾದಲ್ಲಿ ಮಸ್ಕೀಸ್ ಇಂಕ್ ಅಂತ ಕ್ಲಬ್ ಹುಟ್ಟಿ, ಬಿಡೋದೇ ದೊಡ್ಡಸ್ತಿಕೆ ಅಂತ ಜನರ ತಲೆಯಲ್ಲಿ ಕೂರಿಸ್ತು. ಆ ಬದಲಾವಣೆ ತಂದವರು ಮೀನು ಹಿಡಿಯೋರೇ. ಅವರು ಅಷ್ಟು ಮಾಡಿಟ್ಟ ಮೇಲೆ ನಾವು "ಬಿಟ್ಟೆ" ಅನ್ನೋ ಪದವನ್ನ ಪಾಪ ತೊಳೆಯೋ ತೀರ್ಥದ ಹಾಗೆ ಬಳಸ್ತಾ ಇದ್ದೀವಲ್ಲ, ಸಿಟ್ಟು ಬರೋದು ಅದಕ್ಕೆ. ಬಿಡೋದು ಅಂದ್ರೆ ಕೈ ಸಡಿಲಿಸೋದಲ್ಲ. ದಾರ ಕೊಳ್ಳೋವಾಗಲೇ ಶುರುವಾಗೋ ಕೆಲಸ.

ದಾವಣಗೆರೆ ಹುಡುಗನಿಗೆ ಇಷ್ಟೆಲ್ಲ ಹೇಳಿದೆ. ಅವನು ಮೊಸರನ್ನ ಕಲಸ್ತಾ ಕೇಳಿಸ್ಕೊಂಡ. ಕೊನೆಗೆ, "ಅದೆಲ್ಲಾ ಸರಿ ಗುರೂ, ಬಕ್‌ಟೇಲ್ ಯಾವ ಕಲರು?" ಅಂದ.

ಶನಿವಾರ ಅವನನ್ನ ಅಂಗಡಿಗೆ ಕರ್ಕೊಂಡು ಹೋಗ್ತಿದ್ದೀನಿ. ಮೊದಲು ಕಟ್ಟರು, ಬಲೆ, ಥರ್ಮಾಮೀಟರು. ದುಡ್ಡು ಉಳಿದರೆ ಬಕ್‌ಟೇಲು, ಅವನಿಗೆ ಇಷ್ಟವಾದ ಕಲರು.

ನೀವೇನಂತೀರಿ? ನಮ್ಮಮ್ಮನ ಪಕ್ಷದವರೂ ಬರೀರಿ, ಬೈಸಿಕೊಳ್ಳೋಕೆ ರೆಡಿ ಇದ್ದೀನಿ.