ತೊಳೆದ ಮೇಲೆ ಮುನಿಸಿಕೊಂಡ ಮಿಕ್ಸಿ

ಆಯುಧಪೂಜೆ ಕಳೆದ ಮೇಲೆ ನಿಮ್ಮೂರಿನ ರಿಪೇರಿ ಅಂಗಡಿಯ ಮುಂದೆ ಒಮ್ಮೆ ಹಾದುಹೋಗಿ ನೋಡಿ. ಕೈಚೀಲದಲ್ಲಿ, ಕಂಕುಳಲ್ಲಿ, ಸ್ಕೂಟರಿನ ಕಾಲಡಿಯಲ್ಲಿ ಕೂತು ಬಂದ ಮಿಕ್ಸಿಗಳ ಸಾಲು. ಒಂದೊಂದರ ಹಣೆಯ ಮೇಲೂ ಅರಿಸಿನ ಕುಂಕುಮ ಇನ್ನೂ ಮಾಸಿರುವುದಿಲ್ಲ. ಹಬ್ಬಕ್ಕೆಂದು ಚೊಕ್ಕಟವಾಗಿ ತೊಳೆದಿಟ್ಟ ಯಂತ್ರ ಮರುದಿನ ಬೆಳಿಗ್ಗೆ ಚಟ್ನಿಗೆ ಕಾಯಿ ಹಾಕಿ ಗುಂಡಿ ತಿರುಗಿಸಿದರೆ ತುಟಿಪಿಟಕ್ಕೆನ್ನುವುದಿಲ್ಲ. ಮನೆಯಲ್ಲಿ ಆಗ ಕೇಳಿಬರುವ ಮಾತು ನಿಮಗೆ ಗೊತ್ತೇ ಇದೆ: "ನೆಟ್ಟಗಿದ್ದದ್ದನ್ನ ತೊಳೆದು ಕೆಡಿಸಿದಳು!"

ಸೋದರಿಯರೇ, ಆ ಮಾತನ್ನು ಅಷ್ಟು ಸುಲಭವಾಗಿ ಒಪ್ಪಿಕೊಳ್ಳಬೇಡಿ. ಹೀಗೆ ಮುನಿಸಿಕೊಂಡ ಮಿಕ್ಸಿಗಳಲ್ಲಿ ಅನೇಕಕ್ಕೆ ಮೋಟಾರು ಸುಟ್ಟಿರುವುದೇ ಇಲ್ಲ. ಸ್ಕ್ರೂ ಒಂದನ್ನೂ ಬಿಚ್ಚದೆ, ಮನೆಯಲ್ಲೇ ಕೂತು ನೋಡಬಹುದಾದ ನಾಲ್ಕಾರು ಸಂಗತಿಗಳಿವೆ. ಅವನ್ನು ನೋಡಿದ ಮೇಲೂ ನಡೆಯದಿದ್ದರೆ ಅಂಗಡಿಗೆ ಹೋಗುವುದು ಇದ್ದೇ ಇದೆ.

ಮೊದಲು ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ತೊಳೆಯುವಾಗ ಮಿಕ್ಸಿಯ ಬುಡದ ಭಾಗಕ್ಕೆ, ಅಂದರೆ ಮೋಟಾರು ಇರುವ ಪೆಟ್ಟಿಗೆಗೆ, ನೀರು ಹೋಗಿರಬಹುದು ಎಂಬ ಅನುಮಾನ ಎಳ್ಳಷ್ಟಿದ್ದರೂ ಸ್ವಿಚ್ ಹಾಕಿ ಪರೀಕ್ಷೆ ಮಾಡಬೇಡಿ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು. ಒದ್ದೆ ಯಂತ್ರ, ಒದ್ದೆ ಕೈ, ಒದ್ದೆ ನೆಲ ಈ ಮೂರೂ ಸೇರಿದರೆ ಚಟ್ನಿಯ ಮಾತು ಹಾಗಿರಲಿ, ಜೀವಕ್ಕೇ ಕುತ್ತು. ಪ್ಲಗ್ ಕಿತ್ತು, ಬುಡವನ್ನು ಒಣಬಟ್ಟೆಯಿಂದ ಒರೆಸಿ, ಗಾಳಿಯಾಡುವ ಜಾಗದಲ್ಲಿ ಒಂದು ಪೂರ್ತಿ ದಿನ ಬಿಡಿ. ಮಳೆಗಾಲವಾದರೆ ಎರಡು ದಿನವೇ ಇರಲಿ. ಎಳೆಬಿಸಿಲು ಒಳ್ಳೆಯದೇ. ಆದರೆ ಬೇಗ ಒಣಗಲಿ ಅಂತ ಒಲೆಯ ಪಕ್ಕ ಇಡುವುದು, ಕಾವಲಿಯ ಬಿಸಿ ತಾಗಿಸುವುದು ಬೇಡವೇ ಬೇಡ. ಒಳಗಿನ ತಂತಿಯ ಸುರುಳಿಗೆ ಬಳಿದಿರುವ ವಾರ್ನಿಷ್, ಹೊರಗಿನ ಪ್ಲಾಸ್ಟಿಕ್ ಎರಡಕ್ಕೂ ಅದು ಕೇಡು. ಅಲ್ಲಿಯವರೆಗೆ ಚಟ್ನಿಗೇನು ಮಾಡೋದು ಅಂತೀರಾ? ಹಿತ್ತಲಿನ ಒರಳಿನ ಮೇಲಿರುವ ತುಳಸಿಕುಂಡವನ್ನು ಒಂದು ದಿನ ಕೆಳಗಿಳಿಸಿ!

ಬುಡಕ್ಕೆ ನೀರು ಹೋಗಿಲ್ಲ, ಒದ್ದೆಬಟ್ಟೆಯಲ್ಲಿ ಒರೆಸಿದ್ದಷ್ಟೇ ಎಂದು ಖಚಿತವಿದ್ದರೆ ಮುಂದೆ ನೋಡೋಣ.

ಪ್ಲಗ್ ಸಾಕೆಟ್ಟಿನಿಂದ ಶುರು ಮಾಡಿ. ಹಬ್ಬದ ದಿನ ಗೋಡೆ ಒರೆಸುವಾಗ ಸ್ವಿಚ್ ಬೋರ್ಡಿಗೂ ನೀರು ತಾಗಿರಬಹುದು, ಇಲ್ಲವೇ ಪ್ಲಗ್ ಅರ್ಧ ಮಾತ್ರ ಕೂತಿರಬಹುದು. ಅದೇ ಸಾಕೆಟ್ಟಿಗೆ ಮೇಜುದೀಪವನ್ನೋ ಇಸ್ತ್ರಿಪೆಟ್ಟಿಗೆಯನ್ನೋ ಹಾಕಿ ನೋಡಿ. ಅದೂ ನಡೆಯದಿದ್ದರೆ ತಪ್ಪು ಮಿಕ್ಸಿಯದ್ದಲ್ಲ.

ಸಾಕೆಟ್ ಸರಿಯಿದ್ದರೆ ಪ್ಲಗ್ ಕಿತ್ತು ಮಿಕ್ಸಿಯನ್ನು ಮೆಲ್ಲಗೆ ಮಗ್ಗುಲಿಗೆ ಮಲಗಿಸಿ ಅದರ ಅಡಿಯನ್ನು ನೋಡಿ. ಅಲ್ಲಿ, ಕೆಲವು ಕಂಪನಿಯವುಗಳಲ್ಲಿ ಹಿಂಬದಿಯಲ್ಲಿ, ಬೆರಳ ತುದಿಯಷ್ಟು ಚಿಕ್ಕದೊಂದು ಗುಂಡಿ ಇರುತ್ತದೆ. ಸಾಮಾನ್ಯವಾಗಿ ಕೆಂಪು, ಒಮ್ಮೊಮ್ಮೆ ಕಪ್ಪು. ವರ್ಷಗಟ್ಟಲೆ ಮಿಕ್ಸಿ ಬಳಸಿದ ಅದೆಷ್ಟೋ ಗೃಹಿಣಿಯರು ಈ ಗುಂಡಿಯನ್ನು ಕಂಡೇ ಇಲ್ಲ. ಮೋಟಾರಿನ ಮೇಲೆ ಶಕ್ತಿಮೀರಿ ಭಾರ ಬಿದ್ದಾಗ ಅದು ಸುಟ್ಟುಹೋಗದಂತೆ ಕಾಯುವ ಕಾವಲುಗಾರ ಇದು. ಭಾರ ಹೆಚ್ಚಾದರೆ ತಾನೇ ಹೊರಕ್ಕೆ ಚಿಮ್ಮಿ ವಿದ್ಯುತ್ತನ್ನು ಕಡಿದುಬಿಡುತ್ತದೆ. ವೇಗದ ಗುಂಡಿಯನ್ನು ಸೊನ್ನೆಗೆ ತಂದು, ಹತ್ತು ನಿಮಿಷ ತಣಿಯಲು ಬಿಟ್ಟು, ಆಮೇಲೆ ಇದನ್ನು ಒಳಕ್ಕೆ ಒತ್ತಿ. 'ಟಿಕ್' ಎಂದು ಕೂತರೆ ಕೆಲಸ ಆಯಿತು.

ತೊಳೆದದ್ದಕ್ಕೂ ಇದಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇಲ್ಲ ನೋಡಿ, ಅಲ್ಲೇ ಇರೋದು ಗಮ್ಮತ್ತು! ಹಬ್ಬದ ಹಿಂದಿನ ದಿನ ಹೋಳಿಗೆಯ ಹೂರಣ ರುಬ್ಬಿರುತ್ತೀರಿ. ಗಟ್ಟಿ ಹೂರಣಕ್ಕೆ ಮಿಕ್ಸಿ ಕೊನೆಯಲ್ಲಿ ಒದ್ದಾಡಿ ನಿಂತುಬಿಡುತ್ತದೆ. "ಸರಿ, ಸಾಕಷ್ಟು ನುಣ್ಣಗಾಗಿದೆ" ಎಂದು ಬಳಿದು ತೆಗೆದು, ಮಿಕ್ಸಿ ತೊಳೆದು ಒರೆಸಿ ಇಡುತ್ತೀರಿ. ಗುಂಡಿ ಚಿಮ್ಮಿದ್ದು ಆಗಲೇ. ನಡೆಯುವುದಿಲ್ಲ ಎಂದು ತಿಳಿಯುವುದು ಮಾತ್ರ ಹಬ್ಬದ ಮರುದಿನ. ದೂರು ಪಾಪ ತೊಳೆದವಳ ಮೇಲೆ.

ಗುಂಡಿ ಒತ್ತಿದ ಮೇಲೂ ಮತ್ತೆ ಮತ್ತೆ ಚಿಮ್ಮುತ್ತಿದ್ದರೆ ಕಾರಣ ಹುಡುಕಬೇಕೇ ಹೊರತು ಗುಂಡಿಯ ಜೊತೆ ಜಗಳವಾಡಬಾರದು. ಆಗ ಅನುಮಾನ ಪಡಬೇಕಾದದ್ದು ಜಾರನ್ನು. ತೊಳೆಯುವುದರಿಂದ ನಿಜವಾಗಿ ಕೆಡುವ ಜಾಗ ಇದೇ. ಜಾರಿನ ತಳದಲ್ಲಿ ಬ್ಲೇಡಿನ ಕಡ್ಡಿ ಹಾದುಹೋಗುವ ಕಡೆ ಬುಷ್ ಎಂಬ ಲೋಹದ ಕೊಳವೆ ಇರುತ್ತದೆ. ರಾತ್ರಿಯೆಲ್ಲ ಜಾರನ್ನು ನೀರಲ್ಲಿ ನೆನೆಹಾಕಿದರೆ, ಇಲ್ಲವೇ ತೊಳೆದು ಒರೆಸದೆ ಕಪಾಟಿನಲ್ಲಿ ಮುಚ್ಚಿಟ್ಟರೆ, ಉಪ್ಪು ಹುಳಿಯ ಜಿಡ್ಡು ಅಲ್ಲಿ ಗಟ್ಟಿಕಟ್ಟಿ ಕಡ್ಡಿ ಹಿಡಿದುಕೊಳ್ಳುತ್ತದೆ. ಜಾರನ್ನು ಬೋರಲು ಹಾಕಿ ತಳದ ಹಲ್ಲುಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು. ಬಿಗಿಯಾಗಿದ್ದರೆ ಜಾರಿನೊಳಗೆ ಬಿಸಿನೀರು ಹಾಕಿ ಅರ್ಧ ಗಂಟೆ ಬಿಟ್ಟು ಚೆಲ್ಲಿ, ತಳದ ಕಡ್ಡಿಯ ಸುತ್ತ ಎರಡು ಹನಿ ಕೊಬ್ಬರಿಎಣ್ಣೆ ಬಿಟ್ಟು, ಹಿಂದೆ ಮುಂದೆ ನಿಧಾನವಾಗಿ ಆಡಿಸಿ. ಒಳಗಿನಿಂದ ಬ್ಲೇಡನ್ನು ಹಿಡಿದು ತಿರುಗಿಸಲು ಹೋಗಬೇಡಿ, ಬೆರಳು ಸೀಳುತ್ತದೆ. ಸಡಿಲವಾದ ಮೇಲೆ ಒಮ್ಮೆ ಸೋಪುನೀರು, ಒಮ್ಮೆ ಬರೀ ನೀರು ಹಾಕಿ ತಿರುಗಿಸಿ ಚೆಲ್ಲಿಬಿಡಿ. ಇದ್ಯಾವುದಕ್ಕೂ ಜಗ್ಗದಿದ್ದರೆ ಆ ಒಂದು ಜಾರನ್ನು ಮಾತ್ರ ಅಂಗಡಿಗೆ ಒಯ್ದು ಬುಷ್ ಹಾಕಿಸಿ. ಇಡೀ ಮಿಕ್ಸಿ ಹೊತ್ತುಕೊಂಡು ಹೋಗುವ ಅಗತ್ಯವಿಲ್ಲ.

ಜಾರಿನದೋ ಮೋಟಾರಿನದೋ ತೊಂದರೆ ಎಂದು ತಿಳಿಯಲು ಬೇರೆ ಜಾರನ್ನು ಖಾಲಿಯಾಗಿ ಕೂರಿಸಿ ಒಂದೆರಡು ಸೆಕೆಂಡು ನಡೆಸಿದರೆ ಸಾಕು. ಈಚಿನ ಕೆಲವು ಮಾದರಿಗಳಲ್ಲಿ ಜಾರು ಸರಿಯಾಗಿ ತಿರುಗಿ ಕೂತ ಹೊರತು ಯಂತ್ರ ನಡೆಯದಂತೆ ಬೀಗದ ಏರ್ಪಾಡು ಇರುತ್ತದೆ. ಜಾರು ಕೂರುವ ಕುಳಿಯಲ್ಲಿ ಒಣಗಿದ ಹಿಟ್ಟೋ ಸೋಪಿನ ಚೂರೋ ಸಿಕ್ಕಿಕೊಂಡಿದ್ದರೂ ಅದು ಕೂರುವುದಿಲ್ಲ. ಅದೇ ಕುಳಿಯಲ್ಲಿ ಹಲವು ಮಿಕ್ಸಿಗಳಿಗೆ ಚೆಲ್ಲಿದ ನೀರು ಹೊರಗೆ ಹರಿಯಲೆಂದು ಸಣ್ಣ ತೂತು ಇರುತ್ತದೆ. ಅದು ಕಟ್ಟಿದ್ದರೆ ನೀರು ನಡುವಿನ ಕಡ್ಡಿಗುಂಟ ನೇರ ಮೋಟಾರಿಗೆ ಇಳಿಯುತ್ತದೆ. ತಿಂಗಳಿಗೊಮ್ಮೆ ತೆಂಗಿನ ಕಡ್ಡಿಯಿಂದ ಅದನ್ನು ಬಿಡಿಸಿ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ನಮ್ಮ ದೇಶದ ಮಿಕ್ಸಿ ಹುಟ್ಟಿದ್ದೇ ಹೆಂಗಸೊಬ್ಬರ ಯಂತ್ರ ಕೆಟ್ಟದ್ದರಿಂದ. 1960ರ ದಶಕದಲ್ಲಿ ಬೊಂಬಾಯಿಯ ಮಾಧುರಿ ಮಾಥುರ್ ಅವರ ಮನೆಯ ಜರ್ಮನ್ ಮಿಕ್ಸರ್ ನಮ್ಮ ಬೇಳೆ, ಮಸಾಲೆಗಳನ್ನು ತಾಳಲಾರದೆ ಕೆಟ್ಟಿತು. ಎಂಜಿನಿಯರರಾಗಿದ್ದ ಪತಿ ಸತ್ಯಪ್ರಕಾಶ ಮಾಥುರ್ ನಮ್ಮ ಅಡಿಗೆಗೆ ತಕ್ಕ ಬಲವಾದ ಮೋಟಾರಿನ ಯಂತ್ರವನ್ನು ರೂಪಿಸಿದರು. ಅದೇ ಸುಮೀತ್ ಮಿಕ್ಸಿ. ಬಲವಾದ ಮೋಟಾರು ಎಂದ ಮಾತ್ರಕ್ಕೆ ಬಿಡುವಿಲ್ಲದೆ ದುಡಿಸಬಹುದು ಎಂದಲ್ಲ. ಮೂರನೆಯ ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 18,000ದಿಂದ 20,000 ಸುತ್ತು ಸುತ್ತುತ್ತದೆ. ಐದು ನಿಮಿಷ ನಡೆಸಿ ಎರಡು ನಿಮಿಷ ನಿಲ್ಲಿಸಿ ಎಂದು ಸಾಮಾನ್ಯವಾಗಿ ಅದರ ಪುಸ್ತಿಕೆಯಲ್ಲೇ ಬರೆದಿರುತ್ತದೆ. ಮನುಷ್ಯರಿಗೂ ಹಾಗೆ ಯಾರಾದರೂ ಬರೆದಿಟ್ಟಿದ್ದರೆ ಅಡಿಗೆಮನೆಯವರ ಬೆನ್ನು ಉಳಿಯುತ್ತಿತ್ತು!

ಇನ್ನು ಸ್ವಿಚ್ ಹಾಕಿದೊಡನೆ ಮನೆಯ ದೀಪಗಳೆಲ್ಲ ಆರಿಹೋದರೆ? ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಟ್ರಿಪ್ ಸ್ವಿಚ್ ಕೆಳಕ್ಕೆ ಬಿದ್ದಿರುತ್ತದೆ. ಅನೇಕರು ಅದನ್ನು ಎತ್ತಿ ಮತ್ತೆ ಮಿಕ್ಸಿ ಹಾಕುತ್ತಾರೆ, ಮತ್ತೆ ಬೀಳುತ್ತದೆ, ಮತ್ತೆ ಎತ್ತುತ್ತಾರೆ. ಇದು ಬೆಂಕಿಯ ಜೊತೆ ಸರಸ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ 30 ಮಿಲಿ ಆಂಪಿಯರಿನಷ್ಟು ಚೂರು ಸೋರಿಕೆಗೇ ಬೀಳುವಂಥದ್ದು. ಅದು ಬಿತ್ತೆಂದರೆ ಒದ್ದೆಯಾದ ಮಿಕ್ಸಿಯಿಂದ ವಿದ್ಯುತ್ತು ಹೋಗಬಾರದ ಕಡೆ ಹೋಗುತ್ತಿದೆ ಎಂದರ್ಥ. ಅಂಥ ಮಿಕ್ಸಿಯನ್ನು ಮುಟ್ಟುವ ಕೈ ನಿಮ್ಮದು, ನಿಮ್ಮ ಮಗಳದ್ದು. ಪ್ಲಗ್ ಕಿತ್ತು ಬದಿಗಿಡಿ, ತಿಳಿದವರಿಗೆ ತೋರಿಸುವವರೆಗೆ ಹಾಕಬೇಡಿ. ಮುಟ್ಟಿದರೆ 'ಜುಮ್' ಎನ್ನುವ ಮಿಕ್ಸಿಗೂ ಇದೇ ಮಾತು. ಸಾಕೆಟ್ಟಿಗೆ ಹೋಗುವುದಿಲ್ಲ ಅಂತ ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯನ್ನು ಮುರಿದು ಬಳಸುವವರಿದ್ದಾರೆ. ಅದೇ ಅರ್ಥ್ ಕಡ್ಡಿ, ಪ್ರಾಣ ಉಳಿಸುವ ಕಡ್ಡಿ. ಸಾಕೆಟ್ ಬದಲಾಯಿಸಿ, ಪ್ಲಗ್ ಮುರಿಯಬೇಡಿ.

ರುಬ್ಬುವ ಗ್ರೈಂಡರಿನ ಕತೆ ಸ್ವಲ್ಪ ಬೇರೆ. ತೊಳೆದ ಮೇಲೆ ಅದು ತಿರುಗದಿದ್ದರೆ ಪಾತ್ರೆ ತನ್ನ ಗೂಟದ ಮೇಲೆ ಸರಿಯಾಗಿ ಕೂತಿದೆಯೇ ನೋಡಿ. ಮೋಟಾರು ಸದ್ದು ಮಾಡುತ್ತಿದ್ದು ಕಲ್ಲು ಮಾತ್ರ ತಿರುಗದಿದ್ದರೆ ಒಳಗಿನ ಬೆಲ್ಟಿಗೆ ನೀರು ಬಿದ್ದು ಜಾರುತ್ತಿರಬಹುದು. ಒಂದು ದಿನ ಒಣಗಿದರೆ ಸರಿಹೋದೀತು. 'ಗುಂಯ್' ಎಂದು ನರಳಿ ಸುಮ್ಮನಾದರೆ ತಕ್ಷಣ ಆರಿಸಿ. ಸಂಜೆ ವೋಲ್ಟೇಜು ಇಳಿಯುವ ಊರಾದರೆ ಬೆಳಿಗ್ಗೆ ಇನ್ನೊಮ್ಮೆ ಹಾಕಿ ನೋಡಿ. ಬೆಳಿಗ್ಗೆಯೂ ನರಳಿದರೆ ಕೆಪಾಸಿಟರ್ ಹೋಗಿರಬಹುದು. ಅದನ್ನು ಬಿಚ್ಚಿ ಮುಟ್ಟಬೇಡಿ, ಪ್ಲಗ್ ಕಿತ್ತ ಮೇಲೂ ಅದು ಶಾಕ್ ಹೊಡೆದೀತು.

ತೊಳೆಯುವ ಕ್ರಮವನ್ನೂ ಹೇಳಿಬಿಡುತ್ತೇನೆ. ಬುಡದ ಭಾಗವನ್ನು ನಲ್ಲಿಯ ಕೆಳಗೆ ಹಿಡಿಯುವುದು ಎಂದಿಗೂ ಬೇಡ. ಪ್ಲಗ್ ಕಿತ್ತು, ಬಟ್ಟೆಯನ್ನು ಸೋಪುನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ, ಸಂದುಗೊಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಸೋಪು ಬಟ್ಟೆಯ ಮೇಲಿರಲಿ, ಯಂತ್ರದ ಮೇಲಲ್ಲ. ಗುಂಡಿಯ ಸುತ್ತ, ಅಡಿಯ ಗಾಳಿಕಿಂಡಿಗಳಲ್ಲಿ ಒಣಬಟ್ಟೆ ಮಾತ್ರ. ಕುಂಕುಮವನ್ನು ನೀರಲ್ಲಿ ಕಲಸಿ ಮುಂಭಾಗದ ನುಣುಪು ಜಾಗಕ್ಕೆ ಒಂದು ಬೊಟ್ಟು ಇಡಿ. ಪುಡಿ ಎರಚಿದರೆ ಅದು ಕಿಂಡಿಯಿಂದ ಒಳಗೆ ಹೋಗುತ್ತದೆ.

ಅಂಗಡಿಗೆ ಒಯ್ಯಲೇಬೇಕಾದರೆ ಸುಮ್ಮನೆ "ನಡೀತಾ ಇಲ್ಲ" ಎನ್ನಬೇಡಿ. ಸದ್ದೇ ಇಲ್ಲವೋ, ನರಳುತ್ತದೋ, ಕಿಂಡಿಯಲ್ಲಿ ದೊಡ್ಡ ಕಿಡಿ ಕಂಡಿತೋ, ಸುಟ್ಟ ವಾಸನೆ ಬಂತೋ, ಅಡಿಯ ಗುಂಡಿ ಒತ್ತಿ ನೋಡಿದ್ದೀರೋ, ಬೇರೆ ಜಾರು ಹಾಕಿದ್ದೀರೋ, ಎಲ್ಲವನ್ನೂ ಹೇಳಿ. ಇಷ್ಟು ಹೇಳುವ ಗಿರಾಕಿಗೆ ಇಲ್ಲದ ರಿಪೇರಿ ಹೇಳಲು ಯಾರೂ ಹಿಂಜರಿಯುತ್ತಾರೆ. ಕಿಂಡಿಯಲ್ಲಿ ಪುಟ್ಟ ನೀಲಿ ಕಿಡಿ ಕಾಣುವುದು ಸಹಜ. ಕಿಡಿ ದೊಡ್ಡದಾಗಿ ಚಟಪಟ ಎಂದರೆ ಕಾರ್ಬನ್ ಬ್ರಷ್ಷು ಸವೆದಿರುತ್ತದೆ, ಅದು ಸಣ್ಣ ಖರ್ಚು. "ಮೋಟಾರು ಸುಟ್ಟಿದೆ" ಎಂದರೆ ಸುಟ್ಟ ಸುರುಳಿಯನ್ನು ಕಣ್ಣಾರೆ ತೋರಿಸಲು ಹೇಳಿ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಮನೆಗೆ ತನ್ನಿ. ವಾರಂಟಿ ಇನ್ನೂ ಇದ್ದರೆ ಮಾತ್ರ ಹೊರಗೆಲ್ಲೂ ಬಿಚ್ಚಿಸದೆ, ಬಿಲ್ಲು ಹುಡುಕಿಕೊಂಡು ಕಂಪನಿಯವರಲ್ಲಿಗೇ ಹೋಗಿ. ಬಿಲ್ಲು ಎಲ್ಲಿದೆ ಎಂದು ಈಗಲೇ ಒಮ್ಮೆ ನೋಡಿಟ್ಟುಕೊಳ್ಳಿ.