ಪುಟ್ಟ ಕಾರಿನ ಮೇಲೊಂದು ಸಹಿ

ಆಟೋಗ್ರಾಫ್ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳಲು ಕೈಗೆ ಸಿಕ್ಕ ಯಾವ ಪೆನ್ನಾದರೂ ನಡೆಯುತ್ತದೆ. ಕಾಗದಕ್ಕೆ ಶಾಯಿ ಕುಡಿಯುವ ಗುಣವಿದೆ. ಆದರೆ ಈಗಿನ ಮಕ್ಕಳು ಸಹಿ ಕೇಳುವುದು ಪುಸ್ತಕದಲ್ಲಿ ಮಾತ್ರವಲ್ಲ. ಬ್ಯಾಟು, ಚೆಂಡು, ಟೋಪಿಗಳಾದ ಮೇಲೆ ಈಗ ಮಾದರಿ ಕಾರು, ಮಾದರಿ ವಿಮಾನಗಳ ಸರದಿ. ಇವುಗಳ ನುಣುಪು ಮೈ ಒಂದು ಹನಿ ಶಾಯಿಯನ್ನೂ ಕುಡಿಯುವುದಿಲ್ಲ. ಹಾಗಾಗಿ ಯಾರ ಸಹಿ ಎಂಬುದರ ಜೊತೆಗೆ ಯಾವ ಪೆನ್ನು ಎಂಬುದನ್ನೂ ಯೋಚಿಸಬೇಕಾಗುತ್ತದೆ.

ಬ್ಯಾಂಕಿನಲ್ಲಿದ್ದಷ್ಟು ವರ್ಷ ನನ್ನ ಕಣ್ಣ ಮುಂದೆ ಹಾದುಹೋದದ್ದು ಸಹಿಗಳೇ. ಖಾತೆ ತೆರೆದವರು ಕಾರ್ಡಿನ ಮೇಲೆ ಹಾಕಿಕೊಡುವುದಕ್ಕೆ ‘ಮಾದರಿ ಸಹಿ’ ಎನ್ನುತ್ತಿದ್ದೆವು. ಇವತ್ತು ಹೇಳುವುದು ಮಾದರಿಯ ಮೇಲಿನ ಸಹಿಯ ವಿಚಾರ.

ಮೊದಲು ಸ್ವಲ್ಪ ಲೆಕ್ಕ. ಮಾದರಿ ವಾಹನದ ಪೆಟ್ಟಿಗೆಯ ಮೇಲೆ 1:43, 1:64, 1:72 ಎಂದೆಲ್ಲ ಬರೆದಿರುತ್ತದೆ. 1:43 ಎಂದರೆ ನಿಜವಾದ ವಾಹನದ 43 ಸೆಂಟಿಮೀಟರು ಇಲ್ಲಿ 1 ಸೆಂಟಿಮೀಟರು. ಅಂಬಾಸಿಡರ್ ಕಾರಿನ ಉದ್ದ ಸುಮಾರು 4.3 ಮೀಟರು. 43ರಿಂದ ಭಾಗಿಸಿ ನೋಡಿ, 10 ಸೆಂಟಿಮೀಟರು ಬರುತ್ತದೆ. ಅಗಲ 4 ಸೆಂಟಿಮೀಟರಿಗೂ ಕಡಿಮೆ, ಮೇಲ್ಛಾವಣಿ ಅದಕ್ಕಿಂತ ಕಿರಿದು. ಬೆಂಗಳೂರಿನ ಎಚ್‌ಎಎಲ್ ತಯಾರಿಸುವ ತೇಜಸ್ ಯುದ್ಧವಿಮಾನದ ಉದ್ದ 13.2 ಮೀಟರು. 1:72ರ ಮಾದರಿಯಲ್ಲಿ ಅದು 18 ಸೆಂಟಿಮೀಟರಿಗಿಂತ ಚೂರು ಹೆಚ್ಚು. ಇಷ್ಟು ಜಾಗದಲ್ಲಿ ಒಬ್ಬರ ಹೆಸರು ಕೂರಬೇಕು. ಆದ್ದರಿಂದ ಪೆನ್ನಿನ ತುದಿ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿರಲಿ. ದಪ್ಪ ತುದಿಯಿಂದ ಬರೆದರೆ ಅಕ್ಷರದ ಹೊಟ್ಟೆಯೆಲ್ಲ ಮುಚ್ಚಿಹೋಗುತ್ತದೆ.

ಈಗ ಪೆನ್ನುಗಳನ್ನು ಒಂದೊಂದಾಗಿ ನೋಡೋಣ.

ಬಾಲ್ ಪೆನ್ ಬೇಡ. ಅದರ ಗುಂಡು ಉರುಳಲು ಕಾಗದದಂಥ ತರಕಲು ಬೇಕು. ನುಣುಪಾದ ಬಣ್ಣದ ಮೇಲೆ ಜಾರುತ್ತದೆ, ಒತ್ತಿದರೆ ಗೀರುತ್ತದೆ. ಇಂಕ್ ಪೆನ್ನಿನ ಶಾಯಿ ನೀರಿನದು. ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಮಣಿಮಣಿಯಾಗಿ ನಿಲ್ಲುತ್ತದೆ. ಜೆಲ್ ಪೆನ್ನಿನ ಬರಹ ಸರಿಯಾಗಿ ಒಣಗುವುದಿಲ್ಲ, ಬೆರಳು ತಾಗಿದರೆ ಹರಡುತ್ತದೆ.

ಎಲ್ಲ ಸ್ಟೇಷನರಿ ಅಂಗಡಿಯಲ್ಲೂ ಸಿಗುವುದು ಪರ್ಮನೆಂಟ್ ಮಾರ್ಕರ್. ಅದರಲ್ಲಿ ಆಲ್ಕೋಹಾಲಿನಂಥ ದ್ರಾವಕದಲ್ಲಿ ಬಣ್ಣ ಕರಗಿರುತ್ತದೆ. ದ್ರಾವಕ ಬೇಗ ಆರಿಹೋಗಿ ಬಣ್ಣ ಉಳಿಯುತ್ತದೆ. ಬರೆಯಲು ಸುಲಭ, ಮೊದಲ ದಿನ ನೋಡಲೂ ಚೆಂದ. ಆದರೆ ಹೆಸರಿನಲ್ಲಿ ಪರ್ಮನೆಂಟ್ ಎಂದಿದ್ದರೂ ಬೆಳಕಿಗೆ ಅದು ಸೋಲುತ್ತದೆ. ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಕಪ್ಪು ಸಹಿ ವರ್ಷಗಳು ಕಳೆದಂತೆ ಕಂದಾಗಿಯೋ ನೇರಳೆಯಾಗಿಯೋ ತಿರುಗಿ ಮಾಸುತ್ತದೆ.

ಹೆಚ್ಚು ಕಾಲ ಬಾಳುವುದು ಪೇಂಟ್ ಮಾರ್ಕರ್. ಹೆಸರೇ ಹೇಳುವಂತೆ ಅದರೊಳಗಿರುವುದು ಬಣ್ಣದ ಪುಡಿ, ಅದನ್ನು ಅಂಟಿಸಿ ಹಿಡಿಯುವ ರಾಳ ಮತ್ತು ದ್ರಾವಕ. ಅಂದರೆ ಕಾರಿಗೆ ಬಳಿದ ಬಣ್ಣದ ತಮ್ಮನೇ ಸರಿ. ಲೋಹದ ಕಾರಿಗೆ ಎಣ್ಣೆ ಆಧಾರಿತ ಪೇಂಟ್ ಮಾರ್ಕರ್ ಚೆನ್ನಾಗಿ ಹಿಡಿಯುತ್ತದೆ. ಪ್ಲಾಸ್ಟಿಕ್ ವಿಮಾನಕ್ಕೆ ಮಾತ್ರ ಎಚ್ಚರ ಬೇಕು. ಕಟುವಾದ ದ್ರಾವಕ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗೆ ಮಾಡುತ್ತದೆ. ಅಲ್ಲಿ ನೀರು ಆಧಾರಿತ ಪೇಂಟ್ ಮಾರ್ಕರ್ ಮೇಲು, ಆದರೆ ಒದ್ದೆ ಬಟ್ಟೆಯಿಂದ ಉಜ್ಜಿದರೆ ಅದು ಕಿತ್ತುಬರಬಹುದು.

ಕಪ್ಪು, ನೀಲಿ, ಕೆಂಪು ಕಾರಿಗೆ ಬೆಳ್ಳಿ ಅಥವಾ ಬಿಳಿ ಬಣ್ಣದ ಸಹಿ ಎದ್ದು ಕಾಣುತ್ತದೆ. ಬಿಳಿ, ಹಳದಿ ಕಾರಿಗೆ ಕಪ್ಪು ಸರಿ. ಬೆಳ್ಳಿ ಬಣ್ಣದ ಕಾರಿಗೆ ಬೆಳ್ಳಿ ಪೆನ್ನು ಕೊಟ್ಟರೆ ಸಹಿಯನ್ನು ಭೂತಗನ್ನಡಿ ಹಿಡಿದು ಹುಡುಕಬೇಕು.

ಪೇಂಟ್ ಮಾರ್ಕರ್ ಬಳಸುವಾಗ ಮುಚ್ಚಳ ತೆಗೆಯುವ ಮೊದಲು ಚೆನ್ನಾಗಿ ಅಲ್ಲಾಡಿಸಿ. ಒಳಗೆ ಗುಂಡೊಂದು ಟಕಟಕ ಎನ್ನುತ್ತದೆ, ತಳಕ್ಕಿಳಿದ ಬಣ್ಣವನ್ನು ಕಲಸುವುದು ಅದೇ. ಆಮೇಲೆ ರದ್ದಿ ಕಾಗದದ ಮೇಲೆ ತುದಿಯನ್ನು ಒತ್ತಿ ಬಣ್ಣ ಇಳಿಸಿಕೊಳ್ಳಿ. ಈ ಒತ್ತುವ ಕೆಲಸವನ್ನು ಕಾರಿನ ಮೇಲೆ ಮಾಡಿದರೆ ದೊಡ್ಡ ಹನಿ ಧೊಪ್ಪನೆ ಬೀಳುತ್ತದೆ. ಕಾರಿನ ಮೈಯಲ್ಲಿ ಬೆರಳಿನ ಜಿಡ್ಡು ಇದ್ದರೂ ಬಣ್ಣ ಹಿಡಿಯುವುದಿಲ್ಲ. ಮೊದಲೇ ಮೆತ್ತನೆಯ ಬಟ್ಟೆಯಿಂದ ಒರೆಸಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಪರೀಕ್ಷೆ. ಕೆಲವರು ಕಾರಿನ ತಳದಲ್ಲಿ ಬರೆದು ನೋಡುತ್ತಾರೆ. ಎಷ್ಟೋ ಕಾರುಗಳ ಮೈ ಲೋಹ, ತಳ ಪ್ಲಾಸ್ಟಿಕ್ಕು. ತಳದಲ್ಲಿ ಪಾಸಾದ ಪೆನ್ನು ಮೇಲೆ ಫೇಲಾಗಬಹುದು. ಚಕ್ರ ಕಳಚಿದ ಹಳೆಯ ಲೋಹದ ಕಾರೊಂದು ಮನೆಯಲ್ಲಿದ್ದರೆ ಅದರ ಮೇಲೆ ಬರೆದು, ಒಂದು ದಿನ ಬಿಟ್ಟು ಬೆರಳಿನಿಂದ ಉಜ್ಜಿ ನೋಡಿ. ಬೆಂಗಳೂರಿನ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಒಬ್ಬ ಪೈಲಟ್ ನಿಮ್ಮ ಮುಂದೆ ನಿಲ್ಲುವುದು ಅರ್ಧ ನಿಮಿಷ. ಆಗ ಪೆನ್ನಿನ ಪರೀಕ್ಷೆಗೆ ಸಮಯವಿರುವುದಿಲ್ಲ.

‘ತಾತ, ಓಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ ಅಳಿಸುವುದೇ ಇಲ್ಲವಲ್ಲ, ಅದರಲ್ಲಿ ಬರೆಸಿದರೆ?’ ಎಂದು ಪಕ್ಕದ ಮನೆಯ ಏಳನೇ ತರಗತಿಯ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಆ ಶಾಯಿ ನಮ್ಮ ಮೈಸೂರಿನದೇ. 1937ರಲ್ಲಿ ಶುರುವಾದ ಮೈಸೂರು ಬಣ್ಣ ಮತ್ತು ಅರಗು ಕಾರ್ಖಾನೆ 1962ರ ಮಹಾಚುನಾವಣೆಯಿಂದ ಅದನ್ನು ಒದಗಿಸುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ನಮ್ಮ ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕು ತಾಗಿ ಕಪ್ಪಾಗುತ್ತದೆ. ಕಾರಿಗೆ ಚರ್ಮವೂ ಇಲ್ಲ, ಬೆವರೂ ಇಲ್ಲ. ಮೇಲಾಗಿ ಬೆರಳಿನ ಗುರುತು ಉಗುರು ಬೆಳೆದಂತೆ ಹೊರಟುಹೋಗುತ್ತದೆ. ಮಾದರಿಯ ಮೇಲಿನ ಸಹಿ ಹಾಗೆ ಹೋಗಬಾರದು.

ಆ ಹುಡುಗ ಹಾಗೆ ಕೇಳಲು ಕಾರಣವಿತ್ತು. ಅವನ ತಾತ ಮೂವತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಹುಡುಗನ ಬಳಿ 1:43ರ ಬಿಳಿ ಅಂಬಾಸಿಡರ್ ಇದೆ. ಅದರ ಮೇಲೆ ತಾತನ ಸಹಿ ಬೇಕು. ಆದರೆ ಅವರಿಗೀಗ ಕೈ ನಡುಗುತ್ತದೆ. ‘ನನ್ನ ಕೈಲಿ ಆಗಲ್ಲ, ನಿನ್ನ ಕಾರು ಹಾಳಾಗುತ್ತೆ ಬಿಡೋ’ ಎಂದು ಅವರು ಎರಡು ಸಲ ಕೈ ಹಿಂದೆಗೆದುಕೊಂಡಿದ್ದರು.

ಪಿಂಚಣಿ ಪಡೆಯಲು ಬರುತ್ತಿದ್ದ ಹಿರಿಯರನ್ನು ಕೌಂಟರಿನ ಈಚೆಯಿಂದ ನೋಡಿದವನು ನಾನು. ಅವಸರ ಮಾಡಿದರೆ ಕೈ ಇನ್ನೂ ನಡುಗುತ್ತದೆ. ಮಣಿಕಟ್ಟಿಗೆ ಆಧಾರವಿಲ್ಲದಿದ್ದರೂ ಅಷ್ಟೇ. ಅದಕ್ಕೆ ಕಾರಿನ ಪಕ್ಕದಲ್ಲಿ ಛಾವಣಿಯ ಎತ್ತರಕ್ಕೆ ಪುಸ್ತಕಗಳನ್ನು ಪೇರಿಸಿದೆವು. ಕಾರು ಉರುಳದಂತೆ ಮಡಿಸಿದ ಟವೆಲಿನೊಳಗೆ ಕೂರಿಸಿದೆವು. ಛಾವಣಿಯ ಅಳತೆಗೆ ಹತ್ತು ಚೀಟಿ ಕತ್ತರಿಸಿಕೊಟ್ಟೆವು. ಆರನೆಯ ಚೀಟಿಗೆ ಅವರ ಕೈ ಅಷ್ಟು ಜಾಗಕ್ಕೆ ಹೊಂದಿಕೊಂಡಿತು. ಹತ್ತನೆಯದು ಮುಗಿಸಿ, ‘ಎಲ್ಲಿ, ಕಾರು ತಳ್ಳು ಈ ಕಡೆ’ ಎಂದರು.

ಕಪ್ಪು ಪೇಂಟ್ ಮಾರ್ಕರಿನಲ್ಲಿ ಬಿದ್ದ ಆ ಸಹಿ ಸ್ವಲ್ಪ ಸೊಟ್ಟ. ಬ್ಯಾಂಕಿನಲ್ಲಾಗಿದ್ದರೆ ‘ಸಹಿ ತಾಳೆಯಾಗುತ್ತಿಲ್ಲ’ ಎಂದು ಚೆಕ್ಕು ವಾಪಸು ಹೋಗುತ್ತಿತ್ತು. ಇಲ್ಲಿ ತಾಳೆ ನೋಡುವವನು ಮೊಮ್ಮಗ. ಅವನು ಕೂಡಲೇ ಪಾಸು ಮಾಡಿದ.

ಸಹಿಯಾದ ಮೇಲೆ ಒಂದು ದಿನ ಮುಟ್ಟದೆ ಒಣಗಲು ಬಿಡಿ. ಮೇಲೆ ವಾರ್ನಿಷ್ ಹೊಡೆಯುವ ಆಸೆಯಿದ್ದರೆ ಹಳೆಯ ಕಾರಿನ ಮೇಲೇ ಮೊದಲು ನೋಡಿ, ವಾರ್ನಿಷಿನ ದ್ರಾವಕಕ್ಕೆ ಸಹಿ ಕಲಸಿಹೋಗಬಹುದು. ಬಿಸಿಲು ಬೀಳದ ಕಪಾಟಿನಲ್ಲಿಡಿ. ಪೆಟ್ಟಿಗೆಯೊಳಗೆ ಒಂದು ಚೀಟಿ ಇರಲಿ: ಯಾರ ಸಹಿ, ಯಾವ ತಾರೀಖು, ಯಾವ ಊರು, ಯಾವ ಪೆನ್ನು. ಸಹಿಗಳನ್ನು ಓದುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಐವತ್ತು ವರ್ಷದ ನಂತರ ಆ ಕಪಾಟು ತೆರೆಯುವವರಿಗೆ ಚೀಟಿಯೇ ಓದಿ ಹೇಳಬೇಕು.